ದಾಖಲೆ ಕಾಯುವವರಿಗೆ ನೋಂದಣಿ ಕಡ್ಡಾಯವಾದರೆ ಯಾರು ಒಳಗೆ, ಯಾರು ಹೊರಗೆ?

ಸರಸ್ವತಿಪುರಂ ಸಂಜೆ, ಮೈಸೂರು

ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವವರಿಗೆ ನೋಂದಣಿ ಬೇಕು. ದಾದಿಯರಿಗೆ ಬೇಕು. ಮನೆಯ ನಕ್ಷೆ ಬರೆದು ‘ಆರ್ಕಿಟೆಕ್ಟ್’ ಎಂದು ಸಹಿ ಹಾಕುವವರಿಗೆ ಬೇಕು. ಬ್ರಿಟಿಷ್ ಕಮಿಷನರ್ ಆಳ್ವಿಕೆಯ ಕಾಲದ ಕಡತವನ್ನು ಕೈಗೆತ್ತಿಕೊಂಡು ‘ಇದು ಇರಲಿ, ಇದು ರದ್ದಿಗೆ’ ಎಂದು ತೀರ್ಮಾನಿಸುವವರಿಗೆ ಮಾತ್ರ ಏನೂ ಬೇಕಿಲ್ಲ. ಆ ಹೊತ್ತಿಗೆ ಆ ಕುರ್ಚಿಯಲ್ಲಿ ಕುಳಿತವರೇ ತಜ್ಞರು.

ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯನ್ನು ತೆಗೆದು ನೋಡಿ. 1892ಕ್ಕಿಂತ ಹಿಂದಿನ ದಾಖಲೆಯನ್ನು, ಅದು ಯಾವ ಉಪಯೋಗಕ್ಕೂ ಬಾರದಷ್ಟು ಹಾಳಾಗಿದ್ದರೆ ಹೊರತು, ನಾಶ ಮಾಡುವಂತಿಲ್ಲ. ನಿಯಮ ಮೀರಿ ದಾಖಲೆ ನಾಶ ಮಾಡಿದರೆ ಐದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರತಿ ಕಚೇರಿಯೂ ತನ್ನ ಅಧಿಕಾರಿಗಳಲ್ಲಿ ಒಬ್ಬರನ್ನು ದಾಖಲೆ ಅಧಿಕಾರಿಯಾಗಿ ನಾಮನಿರ್ದೇಶನ ಮಾಡಬೇಕು ಎಂದೂ ಇದೆ. ಆ ಅಧಿಕಾರಿ ಈ ವಿದ್ಯೆಯನ್ನು ಕಲಿತಿರಬೇಕು ಎಂದು ಆ ಕಲಂ ಹೇಳುವುದಿಲ್ಲ. ಹಾಳು ಮಾಡಿದವನಿಗೆ ಶಿಕ್ಷೆ ಏನು ಎಂಬುದು ಗೊತ್ತು, ಕಾಯುವವನಿಗೆ ಏನು ಗೊತ್ತಿರಬೇಕು ಎಂಬುದು ಮಾತ್ರ ಗೊತ್ತಿಲ್ಲ!

ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಮುಗಿಸಿ ಬಂದವಳು. ಈಗ ಮೈಸೂರಿನ ಒಂದು ಸಂಸ್ಥೆಯಲ್ಲಿ ಗುತ್ತಿಗೆ ನೌಕರಿ. ಸಂಬಳದ ಪಟ್ಟಿಯಲ್ಲಿ ನನ್ನ ಹುದ್ದೆ ‘ಡೇಟಾ ಎಂಟ್ರಿ’. ನನ್ನ ಮೇಲಿನವರು ಹರಿದ ಹಾಳೆಗಳಿಗೆ ಸೆಲ್ಲೋಟೇಪ್ ಅಂಟಿಸಲು ಹೇಳಿದಾಗ, ಅದರಿಂದ ಕಾಗದ ಹಾಳಾಗುತ್ತದೆ, ಬೇಡ ಎನ್ನಲು ನನಗೆ ಯಾವ ಅಧಿಕಾರವೂ ಇಲ್ಲ.

ನನ್ನ ಪ್ರಸ್ತಾಪ ಇಷ್ಟು. ರಾಜ್ಯದಲ್ಲಿ ದಾಖಲೆ ಪಾಲಕರ ನೋಂದಣಿ ಪಟ್ಟಿ ಆಗಬೇಕು. ಸ್ನಾತಕೋತ್ತರ ಪದವಿಯ ಜೊತೆ ಡಿಪ್ಲೊಮಾ, ಅಥವಾ ಪದವಿಯ ಜೊತೆ ಮೂರು ವರ್ಷದ ಅನುಭವ ಇದ್ದವರಿಗೆ ಪ್ರವೇಶ. ಉಳಿದವರು ಓದಿಕೊಂಡು ಬರಲಿ.

ಹಳೇ ದಫ್ತರ, ಮಂಡ್ಯ

ತಾಯಿ, ನಿಮ್ಮ ಕೊನೆಯ ಸಾಲಿಗೆ ನಾನೇ ಉತ್ತರ ಕೊಡಬೇಕು. ಆ ಸಾಲಿನಿಂದ ಹೊರಗೆ ಬೀಳುವವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿ. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಸೇವೆಯ ಬಹುಪಾಲು ಕಳೆದು ನಿವೃತ್ತನಾದೆ.

ಒಂದು ಪ್ರಶ್ನೆ ಕೇಳುತ್ತೇನೆ. ಪಾಂಡವಪುರದ ಕಡೆಯ ರೈತರೊಬ್ಬರು ಬಂದು, ಮುತ್ತಾತನ ಕಾಲದ ಜಮೀನಿನ ಕಾಗದ ಬೇಕು ಎನ್ನುತ್ತಾರೆ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದಕ್ಕೆ ಹಿಂದಿನದೆಲ್ಲ ಮೈಸೂರು ಜಿಲ್ಲೆಯ ಲೆಕ್ಕ. ಹಳೆಯ ಕಟ್ಟುಗಳ ಮೇಲೆ ಪಾಂಡವಪುರ ಎಂದು ಇರುವುದಿಲ್ಲ, ‘ಫ್ರೆಂಚ್ ರಾಕ್ಸ್’ ಎಂದಿರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಭೂಸ್ವಾಧೀನ ಬೇಕಾದರೆ ‘ಇರ್ವಿನ್ ನಾಲೆ’ ಎಂದು ಹುಡುಕಬೇಕು. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರಿನವರಾದರೆ ಊರೇ ಇಲ್ಲ. ಬದಲಿ ಜಮೀನು ಎಲ್ಲಿ ಸಿಕ್ಕಿತು ಎಂಬುದನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರ್‌ಬಂದ್ ಒಂದು ಮಾತು ಹೇಳಿದರೆ ಕೈಬರಹದ ಪಹಣಿ ಇನ್ನೊಂದು ಹೇಳುತ್ತದೆ. ಯಾವುದರ ಮೇಲೆ ಯಾರು ಯಾವಾಗ ತಿದ್ದಿದ್ದಾರೆ ಎಂಬುದು ಶಾಯಿ ನೋಡಿದರೆ ತಿಳಿಯುತ್ತದೆ, ಅಕ್ಷರ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನನಗೆ ಕೆಲವು ಶಾನುಭೋಗರ ಕೈಬರಹ ನನ್ನ ಮಕ್ಕಳ ಕೈಬರಹಕ್ಕಿಂತ ಪರಿಚಿತ.

ಎಂ.ಎ. ಮುಗಿಸಿ ಕೆಲಸಕ್ಕೆ ಬಂದ ಹುಡುಗರಿಗೆ ಇದನ್ನೆಲ್ಲ ಹೇಳಿಕೊಟ್ಟವನು ನಾನು. ನಿಮ್ಮ ನಿಯಮ ಬಂದಿದ್ದರೆ ಅವರು ನೋಂದಾಯಿತರು, ಹೇಳಿಕೊಟ್ಟವನು ಅಲ್ಲ. ಸೆಲ್ಲೋಟೇಪ್ ವಿಷಯದಲ್ಲಿ ನಿಮ್ಮ ಸಂಕಟ ನಿಜ. ಅಂಟಿಸಲು ಹೇಳಿದವರು ಎಷ್ಟು ಓದಿದ್ದಾರೆ ಎಂದು ಒಮ್ಮೆ ವಿಚಾರಿಸಿ. ನನಗಿಂತ ಹೆಚ್ಚೇ ಓದಿರುತ್ತಾರೆ.

ಗಂಜಾಂ ವಕೀಲ, ಶ್ರೀರಂಗಪಟ್ಟಣ

ಎರಡೂ ಕಡೆಯವರಿಗೆ ಉಪಯೋಗವಾಗುವ ಸಂಗತಿ ಹೇಳುತ್ತೇನೆ. ಹಿರಿಯರಿಗೆ ಬಂದಿರುವ ಸಮಸ್ಯೆ ಹೊಸದಲ್ಲ. ನಮ್ಮ ದೇಶದಲ್ಲಿ ಯಾವ ವೃತ್ತಿಗೆ ನೋಂದಣಿ ತಂದಾಗಲೂ ಮೊದಲ ದಿನ ಇದೇ ಪ್ರಶ್ನೆ ಎದ್ದಿದೆ.

1948ರ ಫಾರ್ಮಸಿ ಕಾಯ್ದೆ ಬಂದಾಗ ದೇಶದ ಎಷ್ಟೋ ಔಷಧಾಲಯಗಳಲ್ಲಿ ಕಾಂಪೌಂಡರುಗಳಿಗೆ ಯಾವ ಪದವಿಯೂ ಇರಲಿಲ್ಲ. ಕಾಯ್ದೆ ಅವರನ್ನು ಬೀದಿಗೆ ತಳ್ಳಲಿಲ್ಲ. ನಿಗದಿತ ದಿನಾಂಕಕ್ಕೆ ಮೊದಲು ಒಟ್ಟು ಐದು ವರ್ಷ ಔಷಧಿ ತಯಾರಿಸುವ ಕೆಲಸ ಮಾಡಿದ್ದವರಿಗೆ ಮೊದಲ ಪಟ್ಟಿಯಲ್ಲಿ ಸೇರುವ ಹಕ್ಕು ಕೊಟ್ಟಿತು. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಲ್ಲೂ ಐದು ವರ್ಷ ವೃತ್ತಿ ನಡೆಸಿದವರಿಗೆ ಅಂಥದೇ ದಾರಿ ಇತ್ತು. ಹಾಗಾಗಿ ‘ಉಳಿದವರು ಓದಿಕೊಂಡು ಬರಲಿ’ ಎಂಬ ಮಾತು ನಮ್ಮ ಶಾಸನ ಪದ್ಧತಿಗೇ ಒಗ್ಗುವುದಿಲ್ಲ, ಮೇಡಂ.

ಇನ್ನೂ ಮುಖ್ಯವಾದದ್ದು, ಬೀಗ ಹಾಕುವುದು ಯಾವುದಕ್ಕೆ? ಕೆಲಸಕ್ಕೋ ಹೆಸರಿಗೋ? ಫಾರ್ಮಸಿ ಕಾಯ್ದೆ ಕೆಲಸಕ್ಕೇ ಬೀಗ ಹಾಕುತ್ತದೆ, ನೋಂದಣಿ ಇಲ್ಲದವರು ಔಷಧಿ ಕೊಡುವಂತಿಲ್ಲ. ವಾಸ್ತುಶಿಲ್ಪಿಗಳ ಕಾಯ್ದೆ ಹಾಗಲ್ಲ. ನೋಯ್ಡಾ ಪ್ರಾಧಿಕಾರದ ಹುದ್ದೆಯೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಇದನ್ನು ಸ್ಪಷ್ಟಪಡಿಸಿತು. ನೋಂದಣಿ ಇಲ್ಲದವರು ವಿನ್ಯಾಸದ ಕೆಲಸ ಮಾಡುವುದನ್ನು ಆ ಕಾಯ್ದೆ ತಡೆಯುವುದಿಲ್ಲ, ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಬಳಸುವುದನ್ನು ಮಾತ್ರ ತಡೆಯುತ್ತದೆ. ಆದ್ದರಿಂದ ನೋಂದಣಿ ಇಲ್ಲದವರು ಕೂರುವ ಹುದ್ದೆಗೆ ಪ್ರಾಧಿಕಾರ ಆ ಹೆಸರನ್ನು ಕೊಡುವಂತಿಲ್ಲ ಎಂದಿತು.

ನಿಮಗೆ ಯಾವುದು ಬೇಕು? ಕೆಲಸಕ್ಕೇ ಬೀಗ ಹಾಕಿದರೆ ಊರ ದೇವಸ್ಥಾನದ ಲೆಕ್ಕದ ಪುಸ್ತಕವನ್ನು ಜೋಡಿಸುವ ನಿವೃತ್ತ ಮೇಷ್ಟರೂ ಅಪರಾಧಿ.

ಸ್ಕ್ಯಾನರ್ ಮುಂದೆ ಕುಳಿತವನು, ಮೈಸೂರು

ನಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇವತ್ತು ಹಳೆಯ ಕಾಗದವನ್ನು ಅತಿ ಹೆಚ್ಚು ಮುಟ್ಟುತ್ತಿರುವವರು ನಾವು. ಟೆಂಡರಿನಲ್ಲಿ ಪುಟಕ್ಕೆ ಇಷ್ಟು ಎಂದು ಕಡಿಮೆ ಕೂಗಿದವರಿಗೆ ಕೆಲಸ, ಅವರ ಕೆಳಗೆ ಇನ್ನೊಬ್ಬರು, ಅವರ ಕೆಳಗೆ ನಾವು. ಪುಟದ ಲೆಕ್ಕದಲ್ಲಿ ಕೂಲಿ. ನಾನು ಮೊದಲು ಕೆಲಸ ಮಾಡಿದ ಕಡೆ ಹೊಲಿಗೆ ಹಾಕಿದ ಪುಸ್ತಕದ ಬೆನ್ನನ್ನು ಕತ್ತರಿಸಿ ಹಾಳೆ ಬಿಡಿಸಿ ಯಂತ್ರಕ್ಕೆ ಕೊಡಿ ಎಂದರು. ಬಿಡಿಸದೆ ಮಾಡಿದರೆ ದಿನದ ಗುರಿ ಮುಟ್ಟುವುದಿಲ್ಲ. ಸಂಸ್ಥೆಯ ಹೆಸರು ಬೇಡ, ಈಗಲೂ ಅಲ್ಲಿ ನನ್ನ ಸ್ನೇಹಿತರಿದ್ದಾರೆ.

ಹಿರಿಯರು ಹೇಳಿದ ‘ಫ್ರೆಂಚ್ ರಾಕ್ಸ್’ ವಿಷಯ ಓದಿ ನಗು ಬಂತು, ಭಯವೂ ಆಯಿತು. ಸೂಚಿಯಲ್ಲಿ ಊರಿನ ಹೆಸರು ತುಂಬುವವರು ನಾವೇ. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ‘ಇತರೆ’ ಎಂದು ಒತ್ತಿ ಮುಂದೆ ಹೋಗು ಎಂದು ಹೇಳಿಕೊಟ್ಟಿದ್ದಾರೆ.

ನೋಂದಣಿ ನನಗೆ ಬೇಡ, ಸಿಗುವುದೂ ಇಲ್ಲ, ನಾನು ಪಿಯುಸಿ. ಆದರೆ ಕೊಠಡಿಯಲ್ಲಿ ನೋಂದಣಿ ಇರುವ ಒಬ್ಬರು ಇದ್ದು ‘ಬೆನ್ನು ಕತ್ತರಿಸಬೇಡ’ ಎಂದು ಮೇಲಿನವರಿಗೆ ಹೇಳಿದರೆ ಸಾಕು.

ದೂರದ ಮೈಸೂರಿನವಳು

ಕುವೆಂಪುನಗರದವಳು, ಈಗ ಇಂಗ್ಲೆಂಡಿನ ಒಂದು ಕೌಂಟಿ ದಾಖಲೆ ಕಚೇರಿಯಲ್ಲಿದ್ದೇನೆ. ‘ಅಲ್ಲಿ ಎಲ್ಲ ಸರಿಯಾಗಿದೆ’ ಎಂದು ಯಾರಾದರೂ ಬರೆಯುವ ಮೊದಲು ನಾನೇ ಬರೆಯುತ್ತೇನೆ.

ಇಲ್ಲಿ ಆರ್ಕಿವಿಸ್ಟ್, ಅಂದರೆ ದಾಖಲೆ ಪಾಲಕರು, ಎಂದು ಕರೆದುಕೊಳ್ಳಲು ಕಾನೂನಿನ ಪರವಾನಗಿ ಬೇಕಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿಗೆ ಸೇರಿದಂತೆ ಆರ್ಕೈವ್ಸ್ ಆಂಡ್ ರೆಕಾರ್ಡ್ಸ್ ಅಸೋಸಿಯೇಷನ್ ಎಂಬ ವೃತ್ತಿ ಸಂಘ ಇದೆ, 2010ರಲ್ಲಿ ಮೂರು ಹಳೆಯ ಸಂಘಗಳು ಸೇರಿ ಆದದ್ದು. ನೋಂದಣಿ ನಡೆಸುವುದು ಅದೇ. ಫೌಂಡೇಶನ್, ರಿಜಿಸ್ಟರ್ಡ್, ಫೆಲೋ ಎಂಬ ಮೆಟ್ಟಿಲುಗಳಿವೆ. ಮಾಡಿದ ಕೆಲಸವನ್ನು ಸಂಘದ ಸಾಮರ್ಥ್ಯ ಪಟ್ಟಿಗೆ ಹೊಂದಿಸಿ, ಸಾಕ್ಷ್ಯದೊಂದಿಗೆ ಬರೆದು ಒಪ್ಪಿಸಬೇಕು. ಕಾಗದದ ಮೇಲೆ ಇದು ಸ್ವಯಂ ಇಚ್ಛೆಯದು.

ಆದರೆ ನಿಜವಾದ ಬಾಗಿಲು ಅದಲ್ಲ. ಉದ್ಯೋಗದ ಜಾಹೀರಾತಿನಲ್ಲಿ ‘ಮಾನ್ಯತೆ ಪಡೆದ ಸ್ನಾತಕೋತ್ತರ ಅರ್ಹತೆ’ ಎಂಬ ಒಂದು ಸಾಲು ಇರುತ್ತದೆ. ಆ ಕೋರ್ಸು ಲಂಡನ್, ಲಿವರ್‌ಪೂಲ್, ಗ್ಲಾಸ್ಗೊ, ಅಬೆರಿಸ್ಟ್‌ವಿತ್, ಡಂಡೀಯಂಥ ಬೆರಳೆಣಿಕೆಯ ವಿಶ್ವವಿದ್ಯಾಲಯಗಳಲ್ಲಿ ಮಾತ್ರ. ಶುಲ್ಕ ದುಬಾರಿ. ಸೇರುವ ಮೊದಲು ಒಂದಷ್ಟು ಅನುಭವ ಇರಲಿ ಎನ್ನುತ್ತಾರೆ, ಆ ಅನುಭವ ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವೆಯಿಂದ ಬರುತ್ತದೆ. ಸಂಬಳವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲವರು ಯಾರು? ಅಪ್ಪ ಅಮ್ಮನ ಮನೆ ದೊಡ್ಡ ಊರಿನಲ್ಲಿ ಇರುವವರು. ಓದಿನ ಖರ್ಚಿಲ್ಲದೆ ಸಂಬಳ ಪಡೆಯುತ್ತಲೇ ಕಲಿಯಲು ಅಪ್ರೆಂಟಿಸ್ ಮಾರ್ಗವೊಂದು ಇಂಗ್ಲೆಂಡಿನಲ್ಲಿ ಬಂದಿದೆ, ಸ್ನಾತಕೋತ್ತರ ಮಟ್ಟದ್ದು. 2026ರ ಜನವರಿಯಿಂದ ಈ ಮಟ್ಟದ ಅಪ್ರೆಂಟಿಸ್‌ಗಿರಿಗೆ ಸೇರುವಾಗ 22 ತುಂಬಿರುವವರಲ್ಲಿ ಬಹುತೇಕರಿಗೆ ಸರ್ಕಾರದ ಹಣ ಇಲ್ಲ. ಅಲ್ಲಿಗೆ ಆ ದಾರಿಯೂ ಕಿರಿದಾಯಿತು.

ಸಂಜೆಯವರೇ, ನಿಮ್ಮ ದೆಹಲಿಯ ಒಂದು ವರ್ಷಕ್ಕೆ ಮನೆಯಿಂದ ಹಣ ಬಂದಿತ್ತೇ? ಚುಚ್ಚಲು ಕೇಳುತ್ತಿಲ್ಲ. ನನಗೆ ಬಂದಿತ್ತು.

ಓಲೆಗರಿ, ಮೈಸೂರು

ಈ ಚರ್ಚೆಯಲ್ಲಿ ಯಾರಾದರೂ ಶಾಮಶಾಸ್ತ್ರಿಗಳ ಹೆಸರು ತರುತ್ತಾರೆ ಎಂದು ಕಾಯುತ್ತಿದ್ದೆ. ಇನ್ನೂ ತಂದಿಲ್ಲ, ನಾನೇ ತರುತ್ತೇನೆ, ಏಕೆಂದರೆ ಅದನ್ನು ಯಾವಾಗಲೂ ತಪ್ಪು ಪಕ್ಷಕ್ಕೆ ಬಳಸುತ್ತಾರೆ.

ಕಥೆ ಮೈಸೂರಿನವರಿಗೆಲ್ಲ ಗೊತ್ತು. 1891ರಲ್ಲಿ ಆರಂಭವಾದ ಓರಿಯೆಂಟಲ್ ಲೈಬ್ರರಿ, ಇಂದಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ಓಲೆಗರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ‘ನೋಡಿ, ಅವರಿಗೆ ಯಾವ ನೋಂದಣಿ ಇತ್ತು?’ ಎಂದು ಕೇಳುವುದು ವಾಡಿಕೆ. ಅವರು ವಿದ್ವತ್ ಮುಗಿಸಿದವರು, ಮದರಾಸು ವಿಶ್ವವಿದ್ಯಾಲಯದ ಬಿ.ಎ. ಕೂಡ. ಪರೀಕ್ಷೆಗಳನ್ನು ದಾಟಿಯೇ ಬಂದವರು. ಪರೀಕ್ಷೆ ಬೇಡ ಎನ್ನುವವರಿಗೆ ಅವರು ಸಾಕ್ಷಿಯಾಗುವುದಿಲ್ಲ.

ಯಾವ ಪರೀಕ್ಷೆ ಎಂಬುದಕ್ಕೆ ಮಾತ್ರ ಸಾಕ್ಷಿಯಾಗುತ್ತಾರೆ. ಅವರ ಕೈಗೆ ಬಂದದ್ದನ್ನು ಓದಲು ಗ್ರಂಥ ಲಿಪಿ ಬೇಕಿತ್ತು, ಸಂಸ್ಕೃತ ಬೇಕಿತ್ತು. ಆಧುನಿಕ ಭಾರತದ ಇತಿಹಾಸದ ಎಂ.ಎ. ಅಲ್ಲಿ ಯಾವ ಕೆಲಸಕ್ಕೆ? ನಂದಿನಾಗರಿ, ತಿಗಳಾರಿ ಲಿಪಿ ಓದುವವರನ್ನು, ಮೋಡಿ ಲಿಪಿ ಓದುವವರನ್ನು ಇವತ್ತು ದೀಪ ಹಿಡಿದು ಹುಡುಕಬೇಕು. ಅಂಥವರಲ್ಲಿ ಎಷ್ಟೋ ಮಂದಿಗೆ ಪದವಿ ಇಲ್ಲ. ಗರಿಗೆ ದೀಪದ ಮಸಿ ಸವರಿ ಅಕ್ಷರ ಎಬ್ಬಿಸುವುದು, ಸಿಟ್ರೊನೆಲ್ಲಾ ಎಣ್ಣೆ ಎಷ್ಟು ಸವರಬೇಕು ಎಂಬ ಅಳತೆ, ಇವೆಲ್ಲ ಕೈಯಿಂದ ಕೈಗೆ ಬಂದದ್ದು. ಒಂದೇ ಪಟ್ಟಿ, ಒಂದೇ ಅರ್ಹತೆ ಎಂದರೆ ಸರ್ಕಾರಿ ಕಡತದವರಿಗೆ ಅನುಕೂಲ, ನಮಗೆ ತಿಥಿ.

ಅಶೋಕಪುರಂ ಓದುಗ, ಮೈಸೂರು

ಅನುಭವ, ಅನುಭವ ಎಂದು ಎಲ್ಲರೂ ಹಾಡುತ್ತಿದ್ದೀರಿ. ಸ್ವಲ್ಪ ನಿಲ್ಲಿಸಿ. ಅನುಭವ ಯಾರಿಗೆ ಸಿಗುತ್ತದೆ? ಒಳಗೆ ಬಿಟ್ಟುಕೊಂಡವರಿಗೆ.

ನಮ್ಮ ಸೀಮೆಯಲ್ಲಿ ದಾಖಲೆ ಕಾಯುವುದು ವಂಶಪಾರಂಪರ್ಯದ ಕೆಲಸವಾಗಿತ್ತು. ಶಾನುಭೋಗರ ಮಗ ಶಾನುಭೋಗ. ಊರಿನ ಜಮೀನೆಲ್ಲ ಯಾರ ಹೆಸರಿನಲ್ಲಿದೆ ಎಂಬ ಪುಸ್ತಕ ಒಂದು ಮನೆಯ ಪೆಟ್ಟಿಗೆಯಲ್ಲಿ. ಅದರಲ್ಲಿ ಏನು ಬರೆದಿದೆ ಎಂದು ಓದಲು ನಮ್ಮ ಅಜ್ಜನಿಗೆ ಬರುತ್ತಿರಲಿಲ್ಲ, ಕೇಳಲು ಧೈರ್ಯವೂ ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಆ ಪದ್ಧತಿ ಮುರಿಯಿತು. ಆ ದಿನ ‘ಅನುಭವಸ್ಥರೇ ಇರಲಿ’ ಎಂದಿದ್ದರೆ? ಇನ್ನೂ ಹಿಂದೆ ಹೋಗಿ. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದ್ದು, ಸಂಸ್ಥಾನದ ಹುದ್ದೆಗಳಲ್ಲಿ ಹೆಚ್ಚಿನವು ಒಂದೇ ಸಮುದಾಯದವರ ಕೈಯಲ್ಲಿದ್ದವು ಎಂಬ ಕಾರಣಕ್ಕೆ. ಆಗಲೂ ಎದುರು ಬಂದ ವಾದ ದಕ್ಷತೆಯದೇ.

ನನಗೆ ಬಾಗಿಲು ತೆರೆದದ್ದು ಪದವಿ. ಮಾನಸಗಂಗೋತ್ರಿಯ ಎಂ.ಎ. ವಿದ್ಯಾರ್ಥಿವೇತನದಿಂದ, ಹಾಸ್ಟೆಲಿನಿಂದ, ಮೀಸಲಾತಿಯಿಂದ. ಪರೀಕ್ಷೆಯ ಹಾಳೆಗೆ ನನ್ನ ಬಡಾವಣೆ ಯಾವುದು ಎಂದು ಗೊತ್ತಿರಲಿಲ್ಲ. ಗುತ್ತಿಗೆ ನೌಕರಿಗೆ ಆಯ್ಕೆ ಹೇಗೆ ನಡೆಯುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು: ‘ನಮ್ಮ ಹುಡುಗ ಒಬ್ಬನಿದ್ದಾನೆ ಸರ್.’ ಐದು ವರ್ಷ ಹಾಗೆ ಕುಳಿತವನಿಗೆ ಈಗ ಅನುಭವದ ಹೆಸರಿನಲ್ಲಿ ನೋಂದಣಿಯನ್ನೂ ಕೊಟ್ಟರೆ, ಹಿಂಬಾಗಿಲಿನಿಂದ ಬಂದವನಿಗೆ ಮುಂಬಾಗಿಲಿನ ಬೀಗದ ಕೈ ಕೊಟ್ಟ ಹಾಗೆ.

ದೂರದ ಮೈಸೂರಿನವರು ಹೇಳಿದ ಸ್ವಯಂಸೇವೆಯ ಕಥೆಯೂ ಇದೇ. ಅಲ್ಲಿ ವರ್ಗ, ಇಲ್ಲಿ ಜಾತಿಯೂ ಸೇರಿದೆ.

ಹಳೇ ದಫ್ತರ, ಮಂಡ್ಯ

ಅಶೋಕಪುರಂನವರೇ, ನೀವು ಬರೆದದ್ದನ್ನು ಮತ್ತೆ ಓದಿದೆ. ನಾನು ಒಕ್ಕಲು ಮನೆಯವನು. ನಮ್ಮಪ್ಪನೂ ಆ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತವನೇ. ಪಟ್ಟಿಯಲ್ಲಿ ಸೇರಿಸುವ ಮೊದಲು ಐದು ವರ್ಷ ಕುಳಿತಿದ್ದಾನೆಯೇ ಎಂದು ಕೇಳುವುದು ಸಾಲದು, ಒಪ್ಪುತ್ತೇನೆ. ಹಾಗೆಂದು ಎಂ.ಎ. ಇದೆಯೇ ಎಂದು ಕೇಳುವುದೂ ಸಾಲದು. ಕಟ್ಟು ಬಿಚ್ಚಿಸಿ ನೋಡಿ. ಈಜು ಬರುತ್ತದೆಯೇ ಎಂದು ದಡದಲ್ಲಿ ಕೂರಿಸಿ ಕೇಳಿದರೆ ಏನು ತಿಳಿದೀತು? ಗೊತ್ತಿಲ್ಲದ ಒಂದು ಕಟ್ಟನ್ನು ಮುಂದಿಟ್ಟು, ಒಂದು ದಿನ ಕೊಟ್ಟು, ಸಂಜೆ ಬಂದು ಪಟ್ಟಿ ಕೇಳಿ. ‘ನಮ್ಮ ಹುಡುಗ’ ಅಲ್ಲೇ ಸಿಕ್ಕಿಬೀಳುತ್ತಾನೆ.

ಹೊಸ ಸದಸ್ಯ, ನಾಗಮಂಗಲ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಮನೆಯ ಅಟ್ಟದಲ್ಲಿ ಕಪ್ಪು ಬಟ್ಟೆಯ, ಮಡಿಸಿದ ಉದ್ದನೆಯ ಪುಸ್ತಕಗಳು ಸಿಕ್ಕಿವೆ. ಬಿಳಿಯ ಅಕ್ಷರ. ಧೂಳು ತುಂಬಿದೆ. ಮೈಸೂರಿನಲ್ಲಿ ಒಬ್ಬರು ತಾವು ದಾಖಲೆ ಸಂರಕ್ಷಣೆಯ ತಜ್ಞರು, ಒರೆಸಿ ಲ್ಯಾಮಿನೇಟ್ ಮಾಡಿಕೊಡುತ್ತೇವೆ ಎಂದಿದ್ದಾರೆ. ಕೊಡಬಹುದೇ?

ಓಲೆಗರಿ, ಮೈಸೂರು

ಕೊಡಬೇಡಿ! ಒದ್ದೆ ಬಟ್ಟೆಯನ್ನು ಹತ್ತಿರವೂ ತರಬೇಡಿ. ಅವು ಬಟ್ಟೆಯ ಕಡತಗಳು. ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿದ ಬಟ್ಟೆಯ ಮೇಲೆ ಬಳಪದಿಂದ ಬರೆದದ್ದು. ಒರೆಸಿದರೆ ಧೂಳಿನ ಜೊತೆ ಅಕ್ಷರವೂ ಹೋಗುತ್ತದೆ, ಹಳೆಯ ಕಾಲದಲ್ಲಿ ಅಳಿಸಿ ಮತ್ತೆ ಬರೆಯುತ್ತಿದ್ದದ್ದೇ ಹಾಗೆ. ಒಣ ಜಾಗದಲ್ಲಿ, ಮಡಿಕೆಯನ್ನು ಬಲವಂತವಾಗಿ ಬಿಡಿಸದೆ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ವಿಭಾಗೀಯ ಪತ್ರಾಗಾರಕ್ಕೋ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ತೋರಿಸಿ.

ಉಳಿದವರಿಗೆ: ನೋಂದಣಿ ಇರಬೇಕಾದದ್ದು ನಾಗಮಂಗಲದ ಇವರಿಗಾಗಿ. ನಮ್ಮ ಸಂಬಳದ ಪಟ್ಟಿಯ ವಿಷಯ ಆಮೇಲೆ.

ಕೇಸ್ ಶೀಟ್, ಮಂಡ್ಯ

ನಾನು ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದವನು. ನಮಗೆ ಕಾನೂನು ಆಗಲೇ ಬಂದಿದೆ. 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯೂ ಒಂದು ವರ್ಗ. ಕೇಸ್ ಶೀಟ್ ಜೋಡಿಸಿಡುವವರು, ರೋಗಕ್ಕೆ ಕೋಡ್ ಹಾಕುವವರು ಎಲ್ಲ ಅದರ ಅಡಿಯಲ್ಲಿ.

ಅದರಿಂದ ಒಂದು ವಿಷಯ ಕಲಿತೆ. ಕಾನೂನು ಪುಸ್ತಕದಲ್ಲಿ ಬಂದ ಕೂಡಲೇ ಮೊದಲು ಎಚ್ಚರವಾಗುವುದು ‘ಸರ್ಟಿಫಿಕೇಟ್ ಕೊಡಿಸುತ್ತೇವೆ’ ಎನ್ನುವ ಅಂಗಡಿಗಳು. ನಮ್ಮ ಊರಿನ ಹುಡುಗರಿಗೆ ದಿನಾ ಕರೆ ಬರುತ್ತದೆ. ಯಾವ ಕೋರ್ಸಿಗೆ ಮಾನ್ಯತೆ ಇದೆ ಎಂಬುದನ್ನು ಮೊದಲೇ ಪ್ರಕಟಿಸದೆ ನೋಂದಣಿ ತಂದರೆ ಬಡವರ ಮನೆಯ ಹಣ ಈ ಅಂಗಡಿಗಳಿಗೆ ಹೋಗುತ್ತದೆ.

ಇನ್ನೊಂದು, ದಾಖಲೆ ಕೋಣೆ ಇರುವುದು ನೆಲಮಾಳಿಗೆಯಲ್ಲಿ, ಮೇಲೆ ನೀರಿನ ಪೈಪು. ನನಗೆ ನೋಂದಣಿ ಸಂಖ್ಯೆ ಬಂದರೆ ಪೈಪು ಸೋರುವುದು ನಿಲ್ಲುವುದಿಲ್ಲ. ನಿಯಮ ಕೆಲಸಗಾರನನ್ನಷ್ಟೇ ಕಟ್ಟಿಹಾಕಬಾರದು, ಕೆಲಸ ಕೊಟ್ಟವರನ್ನೂ ಕಟ್ಟಬೇಕು.

ಸರಸ್ವತಿಪುರಂ ಸಂಜೆ, ಮೈಸೂರು

ದೂರ ಇರುವವರು ಕೇಳಿದ್ದಕ್ಕೆ ಮೊದಲು ಉತ್ತರ. ದೆಹಲಿಯ ಖರ್ಚಿಗೆ ಅಮ್ಮನ ಬಳೆ ಹೋಯಿತು. ಆದ್ದರಿಂದಲೇ ಆ ಡಿಪ್ಲೊಮಾಕ್ಕೆ ಬೆಲೆ ಇಲ್ಲ ಎನ್ನುವವರ ಮೇಲೆ ನನಗೆ ಸಿಟ್ಟು. ಕಲಿತದ್ದು ಕಡಿಮೆಯದಲ್ಲ. ಕಾಗದದಲ್ಲಿ ಆಮ್ಲ ಏಕೆ ಹುಟ್ಟುತ್ತದೆ, ಒಂದು ಇಲಾಖೆಯ ಕಡತಗಳನ್ನು ವಿಷಯವಾರು ಕಲಸದೆ ಅವು ಹುಟ್ಟಿದ ಕ್ರಮದಲ್ಲೇ ಏಕೆ ಇಡಬೇಕು, ಇವು ಅಭಿಲೇಖಾಲಯದಲ್ಲಿ ಎಷ್ಟು ವರ್ಷ ಇದ್ದರೂ ತಾನಾಗಿ ತಿಳಿಯುವುದಿಲ್ಲ. ಒಳ್ಳೆಯ ಅನುಭವಸ್ಥರೇ ಹಳೆಯ ಸರಣಿಗಳನ್ನು ಬಿಡಿಸಿ ‘ಊರುವಾರು’ ಜೋಡಿಸಿ ಮೂಲ ಕ್ರಮವನ್ನು ಕೆಡಿಸಿದ್ದನ್ನು ನೋಡಿದ್ದೇನೆ. ಹಿರಿಯರು ಬೇಸರ ಮಾಡಿಕೊಳ್ಳಬಾರದು.

ಅಮೆರಿಕದ ಕ್ರಮವನ್ನೂ ನೋಡಿದೆ. ಅಲ್ಲಿ ಅಕಾಡೆಮಿ ಆಫ್ ಸರ್ಟಿಫೈಡ್ ಆರ್ಕಿವಿಸ್ಟ್ಸ್ 1989ರಲ್ಲಿ ಹುಟ್ಟಿತು. ಆರಂಭದಲ್ಲಿ ಅನುಭವಸ್ಥರಿಗೆ ಪರೀಕ್ಷೆ ಇಲ್ಲದೆ ಅರ್ಜಿಯ ಮೇಲೆ ಪ್ರಮಾಣಪತ್ರ ಕೊಟ್ಟರು, ಆಮೇಲೆ ಬಂದವರಿಗೆ 100 ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ. ಪ್ರಮಾಣಪತ್ರದ ಅವಧಿ ಐದು ವರ್ಷ, ನಂತರ ನವೀಕರಣ. ಆ ವೃತ್ತಿಯ ನ್ಯಾಯದ ಜಗಳವೂ ಇಲ್ಲೇ ಇದೆ: ಮೊದಲು ಬಂದವರು ಅರ್ಜಿ ಬರೆದು ಒಳಗೆ ಹೋದರು, ಬಾಗಿಲು ಅವರ ಹಿಂದೆ ಕಿರಿದಾಯಿತು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ ನಮಗೆ ಬೇಡ. ‘ಫ್ರೆಂಚ್ ರಾಕ್ಸ್ ಎಂದರೆ ಯಾವುದು? ಅ, ಆ, ಇ, ಈ’ ಎಂದು ಕೇಳಿದರೆ ಕೋಚಿಂಗ್ ಕೇಂದ್ರಗಳು ವಾರದಲ್ಲಿ ಬಾಯಿಪಾಠ ಮಾಡಿಸುತ್ತವೆ.

ಹಾಗಾಗಿ ಈಗ ನಾನು ಬರೆಯುವ ಕರಡು ಹೀಗಿರುತ್ತದೆ. ಬೀಗ ಹೆಸರಿಗೆ, ಕೆಲಸಕ್ಕಲ್ಲ. ಕಾಯುವ ಕೆಲಸ ಯಾರೂ ಮಾಡಬಹುದು. ರದ್ದಿಗೆ ಕಳಿಸುವ ಪಟ್ಟಿಗೆ, ಸ್ಕ್ಯಾನಿಂಗ್ ಗುತ್ತಿಗೆಯ ತಾಂತ್ರಿಕ ಷರತ್ತಿಗೆ ಮಾತ್ರ ನೋಂದಾಯಿತರ ಸಹಿ ಇಲ್ಲದೆ ಕಚೇರಿ ಮುಂದುವರಿಯುವಂತಿಲ್ಲ. ಒಳಗೆ ಬರಲು ಪದವಿಯ ದಾರಿ, ಕೆಲಸದ ದಾರಿ ಎರಡೂ ಇರಲಿ. ಎರಡರಲ್ಲಿ ಯಾವ ದಾರಿಯಿಂದ ಬಂದರೂ ಕೊನೆಗೆ ಕಟ್ಟು ಬಿಚ್ಚುವ ಪರೀಕ್ಷೆ. ಎಂ.ಎ. ಆದವರಿಗೂ, ನನಗೂ ವಿನಾಯಿತಿ ಇಲ್ಲ. ಹಸ್ತಪ್ರತಿ, ಕಂದಾಯ ದಾಖಲೆ, ಆಸ್ಪತ್ರೆ, ಡಿಜಿಟಲ್ ಎಂದು ಶಾಖೆಗಳು ಬೇರೆ ಬೇರೆ.

ಅಶೋಕಪುರಂ ಓದುಗ, ಮೈಸೂರು

ಕೆಲಸದ ದಾರಿ ಇರಲಿ, ಒಂದು ಷರತ್ತಿನ ಮೇಲೆ. ಮೊದಲ ಪಟ್ಟಿಯಲ್ಲಿ ಎಷ್ಟು ಮಂದಿ ಯಾವ ದಾರಿಯಿಂದ ಬಂದರು, ಯಾವ ವರ್ಗದವರು, ಹೆಣ್ಣು ಮಕ್ಕಳೆಷ್ಟು ಎಂದು ವರ್ಷವರ್ಷ ಪ್ರಕಟಿಸಬೇಕು. ಕಟ್ಟಿನ ಮೇಲೆ ಅಭ್ಯರ್ಥಿಯ ಹೆಸರು ಇರಬಾರದು, ಸಂಖ್ಯೆ ಮಾತ್ರ. ಮೌಲ್ಯಮಾಪಕರು ಬೇರೆ ಜಿಲ್ಲೆಯವರಾಗಿರಬೇಕು.

ಗಂಜಾಂ ವಕೀಲ, ಶ್ರೀರಂಗಪಟ್ಟಣ

ರಾಜ್ಯ ಇದನ್ನು ಮಾಡಬಹುದೇ ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ, ಎಲ್ಲರಿಗೂ ಉತ್ತರಿಸುತ್ತೇನೆ. ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ವಿಷಯಗಳಿರುವ ಸಂವಿಧಾನದ ಸಮವರ್ತಿ ಪಟ್ಟಿಯ 26ನೇ ನಮೂದಿನಲ್ಲಿ ಕಾನೂನು, ವೈದ್ಯಕೀಯ ಮತ್ತು ‘ಇತರ ವೃತ್ತಿಗಳು’ ಇವೆ. ರಾಜ್ಯ ಪಟ್ಟಿಯ 12ರಲ್ಲಿ, ರಾಷ್ಟ್ರೀಯ ಮಹತ್ವದವು ಎಂದು ಸಂಸತ್ತು ಘೋಷಿಸದ ಐತಿಹಾಸಿಕ ದಾಖಲೆಗಳು ಇವೆ. ದಾರಿ ಇದೆ. ಆದರೆ ಹೊಸ ಕಾಯ್ದೆಗಾಗಿ ಕಾಯುತ್ತ ಕೂರಬೇಕಿಲ್ಲ. ರಾಜ್ಯದ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದ್ದೇ ಇದೆ, ರದ್ದಿ ಪಟ್ಟಿಗೆ ಯಾರ ಸಹಿ ಎಂಬುದನ್ನು ಅದರ ನಿಯಮಗಳ ತಿದ್ದುಪಡಿಯಿಂದಲೇ ಶುರು ಮಾಡಲು ಕೇಳಬಹುದು.

ಕಷ್ಟವಾದ ಗಂಟು ಬೇರೆ. ಮೊದಲ ಪರೀಕ್ಷೆ ನಡೆಸುವವರು ಯಾರು? ಆ ದಿನ ಯಾರೂ ನೋಂದಾಯಿತರಲ್ಲ. ಫಾರ್ಮಸಿ ಕಾಯ್ದೆ ಮೊದಲ ಪಟ್ಟಿ ಮಾಡಲು ಮೂವರ ನ್ಯಾಯಮಂಡಳಿಯನ್ನು ರಾಜ್ಯ ಸರ್ಕಾರ ನೇಮಿಸಲಿ ಎಂದಿತು. ನಮಗೂ ಅಂಥ ಮೂವರು ಬೇಕು. ಹೆಸರು ಬೇಡ, ಯಾವ ಬಗೆಯವರು ಎಂದು ಹೇಳಿ.

ಸರಸ್ವತಿಪುರಂ ಸಂಜೆ, ಮೈಸೂರು

ಪತ್ರಾಗಾರ ಇಲಾಖೆಯಿಂದ ಒಬ್ಬರು, ವಿಶ್ವವಿದ್ಯಾಲಯದಿಂದ ಒಬ್ಬರು, ಸಂರಕ್ಷಣಾ ಪ್ರಯೋಗಾಲಯದಿಂದ ಒಬ್ಬರು.

ಹಳೇ ದಫ್ತರ, ಮಂಡ್ಯ

ಮೂವರೂ ನಿಮ್ಮ ಕಡೆಯವರೇ ಆದರಲ್ಲ, ತಾಯಿ. ತಾಲ್ಲೂಕು ಕಚೇರಿಯ ಕೋಣೆಯಲ್ಲಿ ಕೆಮ್ಮಿದವರು ಒಬ್ಬರು ಇರಬೇಕು. ಇಲ್ಲದಿದ್ದರೆ ಕಂದಾಯ ಶಾಖೆಯ ಕಟ್ಟನ್ನು ಬಿಚ್ಚಿ ಕೊಟ್ಟರೂ ಪಟ್ಟಿ ಸರಿಯೇ ತಪ್ಪೇ ಎಂದು ಹೇಳುವವರು ಯಾರು?

ಅಶೋಕಪುರಂ ಓದುಗ, ಮೈಸೂರು

ಹಿರಿಯರ ಮಾತಿಗೆ ನನ್ನ ಮತ. ವಿಶ್ವವಿದ್ಯಾಲಯದ ಕುರ್ಚಿಯನ್ನು ತೆಗೆಯಿರಿ, ಪದವಿ ಪ್ರಮಾಣಪತ್ರದಲ್ಲಿ ಅವರ ಸಹಿ ಆಗಲೇ ಇದೆ.

ಓಲೆಗರಿ, ಮೈಸೂರು

ತೆಗೆದರೆ ಲಿಪಿ ಪರೀಕ್ಷಿಸುವವರು ಇರುವುದಿಲ್ಲ. ನನ್ನ ವಿರೋಧವಿದೆ.

ಸ್ಕ್ಯಾನರ್ ಮುಂದೆ ಕುಳಿತವನು, ಮೈಸೂರು

ಮೂವರು ಯಾರೇ ಆಗಲಿ, ಶುಲ್ಕ ಎಷ್ಟು ಎಂದು ಯಾರೂ ಬರೆದಿಲ್ಲ. ಪರೀಕ್ಷೆಯ ದಿನ ನಮಗೆ ಕೂಲಿ ಇರುವುದಿಲ್ಲ. ಕೆಲಸದ ದಾರಿಯಿಂದ ಬರುವವರಿಗೆ ಮೊದಲ ಸಲ ಶುಲ್ಕ ಬೇಡ, ಆ ದಿನದ ಕೂಲಿಯನ್ನು ಕೆಲಸ ಕೊಟ್ಟವರು ಕೊಡಬೇಕು ಎಂದು ಕರಡಿನಲ್ಲಿ ಸೇರಿಸಿ. ಸೇರಿಸಿದರೆ ನಾನೂ ಅರ್ಜಿ ಹಾಕುತ್ತೇನೆ.